ಗುಂಟೆ ರೇಟು ಒಂದೇ ಸಾಲ್ದು, ಪೂರಾ ಖರ್ಚು ಹೇಳಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಲಿ ಬರೋ ಸೈಟು, ಜಮೀನಿನ ಜಾಹೀರಾತು ನಮ್ಮನೇಲಿ ಎಲ್ರೂ ಓದ್ತೇವೆ. ಶಿರಸಿ ಸುತ್ತಮುತ್ತದ್ದಾಗ್ಲಿ ಕುಮಟಾ, ಅಂಕೋಲಾ ಕಡೆದಾಗ್ಲಿ, ಗುಂಟೆಗೆ ಇಷ್ಟು ಅಂತ ಒಂದು ರೇಟು, ಕೆಳಗೆ ಒಂದು ಫೋನ್ ನಂಬರು, ಅಷ್ಟೇ ಇರ್ತದೆ. ಆ ರೇಟನ್ನೇ ಹಿಡ್ಕೊಂಡು ಲೆಕ್ಕ ಹಾಕಿ ನಾವು 2025ರ ಆಗಸ್ಟ್ ಮೊದಲ ವಾರ ಶಿರಸಿ ಹತ್ರ ಒಂದು ಹಳ್ಳಿಲಿ 5 ಗುಂಟೆಗೆ ಅಡ್ವಾನ್ಸ್ ಕೊಟ್ವಿ. ಗುಂಟೆಗೆ 3 ಲಕ್ಷದ 60 ಸಾವಿರ, ಒಟ್ಟು 18 ಲಕ್ಷ. ಅಡಿಕೆ ಮಾರಿದ ದುಡ್ಡು, ಜೊತೆಗೆ ಮಗ ಬೆಂಗಳೂರಿಂದ ಕಳ್ಸಿದ್ದು. ಮುಂದೆ ಒಳ್ಳೆ ರೇಟು ಬಂದ್ರೆ ಮಾರೋದು ಅಂತ್ಲೇ ತಗೊಂಡಿದ್ದು.

ರಿಜಿಸ್ಟರಿಗೆ ಸುಮಾರು 1 ಲಕ್ಷದ 20 ಸಾವಿರ ಆಗ್ತದೆ ಅಂತ ಮಧ್ಯಸ್ಥರು ಅಂದಿದ್ರು. ಸೆಪ್ಟೆಂಬರ್ ಕೊನೆಗೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲ ಹತ್ರ ನಿಂತು ಚಲನ್ ನೋಡಿದ್ರೆ 1,37,700. ನಮ್ಮ ಯಜಮಾನ್ರು ಕನ್ನಡಕ ಒರೆಸ್ಕೊಂಡು ಎರಡು ಸಲ ಓದಿದ್ರು, ಮಳೆ ಬೇರೆ ಹೊಯ್ತಾ ಇತ್ತು, ಮಗನಿಗೆ ಫೋನ್ ಮಾಡಿ ಬಾಕಿ ದುಡ್ಡು ಹಾಕ್ಸ್ಕೊಳ್ಳೋ ತನಕ ಅಲ್ಲೇ ಕೂತಿದ್ವಿ. ಆಫೀಸಿನವರ ತಪ್ಪೇನಿಲ್ಲ. ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟು, ಆ ಡ್ಯೂಟಿ ಮೇಲೆ 10 ಪರ್ಸೆಂಟ್ ಸೆಸ್ಸು, ಹಳ್ಳಿ ಆದ್ರೆ ಆ ಡ್ಯೂಟಿ ಮೇಲೇ 3 ಪರ್ಸೆಂಟ್ ಸರ್ಚಾರ್ಜು. ನೋಂದಣಿ ಶುಲ್ಕ ಮೊದ್ಲು 1 ಪರ್ಸೆಂಟ್ ಇದ್ದಿದ್ದು 2025ರ ಆಗಸ್ಟ್ 31ರಿಂದ 2 ಪರ್ಸೆಂಟ್ ಆಗಿದೆ. ಎಲ್ಲ ಸೇರಿ ಬೆಲೆಯ 7.65 ಪರ್ಸೆಂಟು. ಇದೂ ನಾವು ಕೊಟ್ಟ ಬೆಲೆ ಮತ್ತೆ ಸರ್ಕಾರದ ಮಾರ್ಗಸೂಚಿ ಬೆಲೆ, ಎರಡ್ರಲ್ಲಿ ಯಾವ್ದು ಜಾಸ್ತಿಯೋ ಅದ್ರ ಮೇಲೆ. ಹಾಗಾಗಿ ಅಗ್ಗಕ್ಕೆ ಸಿಕ್ತು ಅಂತ ಡ್ಯೂಟಿ ಕಡಿಮೆ ಆಗ್ಬೇಕು ಅಂತೇನಿಲ್ಲ.

ಮಧ್ಯಸ್ಥರ ಕಮಿಷನ್ 2 ಪರ್ಸೆಂಟು, 36 ಸಾವಿರ. ವಕೀಲರು, ಸರ್ವೆ, ಖಾತೆ ಓಡಾಟ ಸೇರಿ 15 ಸಾವಿರ. ಕಲ್ಲುಕಂಬ ನೆಟ್ಟು ತಂತಿಬೇಲಿ ಹಾಕ್ಸಿದ್ದು 90 ಸಾವಿರ. ಕೈ ಬಿಟ್ಟಿದ್ದು 18 ಲಕ್ಷ ಅಲ್ಲ, 20,78,700. ಇನ್ನು ನಮ್ಮ ಕಡೆ ಮಳೆಗಾಲ ಮುಗಿದ್ಮೇಲೆ ಗಿಡಗಂಟಿ ಸವರಿಸ್ದೇ ಬಿಟ್ರೆ ಗಡಿ ಕಲ್ಲೇ ಕಾಣೋದಿಲ್ಲ, ಅದು ಮತ್ತೆ ಪಂಚಾಯ್ತಿ ತೆರಿಗೆ ಅಂತ ವರ್ಷಕ್ಕೆ 8 ಸಾವಿರ ಆದ್ರೂ ಬೇಕು.

ಈಗ 5 ವರ್ಷ ಬಿಟ್ಟು 25 ಲಕ್ಷಕ್ಕೆ ಹೋಯ್ತು ಅಂತ ಇಟ್ಕೊಳ್ಳಿ. ಊರಲ್ಲಿ ಎಲ್ರೂ 7 ಲಕ್ಷ ಲಾಭ ಅಂತಾರೆ. ಅದ್ರಲ್ಲಿ ನಮ್ಮ ಕೈ ಬಿಟ್ಟ 20,78,700, ಮಾರುವಾಗಿನ ಕಮಿಷನ್ 50 ಸಾವಿರ ತೆಗೀರಿ. 2 ವರ್ಷಕ್ಕಿಂತ ಹೆಚ್ಚು ಇಟ್ಕೊಂಡ ಜಾಗದ ಲಾಭಕ್ಕೆ ಈಗ 12.5 ಪರ್ಸೆಂಟ್ ತೆರಿಗೆ, ಸೆಸ್ಸು ಸೇರಿ ಹತ್ತಿರ ಹತ್ತಿರ 48 ಸಾವಿರ. ಸವರಿಸಿದ್ದು, ಪಂಚಾಯ್ತಿ ತೆರಿಗೆ ಕಟ್ಟಿದ್ದು 5 ವರ್ಷಕ್ಕೆ 40 ಸಾವಿರ. ಕೊನೆಗೆ ಉಳಿಯೋದು 2 ಲಕ್ಷದ 83 ಸಾವಿರ. ಅದೇ ಹಣಕ್ಕೆ ಬ್ಯಾಂಕಲ್ಲಿ 6 ಪರ್ಸೆಂಟ್ ಸರಳ ಬಡ್ಡಿ ಹಿಡಿದ್ರೂ 6 ಲಕ್ಷದ ಮೇಲಾಗ್ತದೆ. ಜಾಗ ತಗೋಬೇಡಿ ಅಂತ ನಾನು ಹೇಳ್ತಾ ಇಲ್ಲ, ಈ ಲೆಕ್ಕ ಅಡ್ವಾನ್ಸ್ ಕೊಡೋ ಮೊದ್ಲೇ ಕಾಣ್ಬೇಕಿತ್ತು ಅಂತ.

ಮತ್ತೊಂದು ಮಾತು ಹೇಳ್ಲೇಬೇಕು. ಕಾಗದದಲ್ಲಿ 12 ಲಕ್ಷ ತೋರ್ಸೋಣ, ಉಳಿದದ್ದು ಕೈಯಲ್ಲಿ ಕೊಡಿ, ಡ್ಯೂಟಿ ಉಳೀತದೆ ಅಂತ ನಮಗೂ ಹೇಳಿದ್ರು. ಯಜಮಾನ್ರು ಒಪ್ಲಿಲ್ಲ, ನನಗೆ ಆಗ ಸಿಟ್ಟು ಬಂದಿತ್ತು, ಈಗ ಅವರು ಮಾಡಿದ್ದೇ ಸರಿ ಅನ್ನಿಸ್ತದೆ. ಮುಂದೆ ಮಾರುವಾಗ ನಮ್ಮ ಖರೀದಿ ಬೆಲೆ 12 ಅಂತ್ಲೇ ಲೆಕ್ಕ, ಇಲ್ಲದ ಲಾಭಕ್ಕೂ ತೆರಿಗೆ ಕಟ್ಬೇಕಾಗ್ತದೆ. ಜಾಗದ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಂಡವರಿಗೆ ಅಷ್ಟೇ ಮೊತ್ತದ ದಂಡಾನೂ ಇದೆ. ಬದ್ಲಿಗೆ ಡ್ಯೂಟಿ ಚಲನ್, ಕಮಿಷನ್ ರಸೀದಿ, ಬೇಲಿ ಬಿಲ್ಲು ಎಲ್ಲ ಜೋಪಾನ ಮಾಡಿ ಇಡಿ, ಅವೆಲ್ಲ ಖರೀದಿ ವೆಚ್ಚಕ್ಕೆ ಸೇರಿ ತೆರಿಗೆ ಕಡಿಮೆ ಆಗ್ತದೆ.

ತೋಟ ತಗೊಳ್ಳೋರು ಸೊಪ್ಪಿನ ಬೆಟ್ಟಕ್ಕೂ ಗುಂಟೆ ರೇಟು ಹಾಕಿದಾರಾ ನೋಡ್ಕೊಳ್ಳಿ, ಬೆಟ್ಟ ಸರ್ಕಾರದ್ದು, ನಮಗಿರೋದು ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರೋ ಹಕ್ಕು ಮಾತ್ರ. ಕಾರವಾರದ ಕಡೆ ಫ್ಲ್ಯಾಟ್ ನೋಡೋರು ಕೆಲಸ ಇನ್ನೂ ಮುಗಿಯದ ಕಟ್ಟಡ ಆದ್ರೆ ಜಿಎಸ್‌ಟಿ ಕೇಳಿ, ಸಾಮಾನ್ಯವಾಗಿ 5 ಪರ್ಸೆಂಟ್ ಬೀಳ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. 500 ಚದರ ಮೀಟರ್ ಮೀರಿದ ಲೇಔಟಿನ ಜಾಹೀರಾತಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇರ್ಬೇಕು ಅಂತ ಕಾನೂನೇ ಹೇಳ್ತದೆ, ಅದಿಲ್ದೇ ಇದ್ದದ್ದನ್ನ ದಯವಿಟ್ಟು ಹಾಕ್ಬೇಡಿ. ಸೈಟಿನ ಜಾಹೀರಾತು ಬರೋ ಪುಟದ ಮೂಲೇಲಿ ಆಗಿನ ಡ್ಯೂಟಿ, ನೋಂದಣಿ ಶುಲ್ಕ ಎಷ್ಟು ಅಂತ ನಾಲ್ಕು ಸಾಲು ಹಾಕಿ. ನಮ್ಮ ತಂಗಿ ಮುಂದಿನ ತಿಂಗಳು ಹೊನ್ನಾವರದಲ್ಲಿ ಅಡ್ವಾನ್ಸ್ ಕೊಡೋಳಿದ್ದಾಳೆ, ಅವಳು ಓದೋದು ನಿಮ್ಮ ಪತ್ರಿಕೆನೇ.

ಒಬ್ಬ ಓದುಗಿ, ಶಿರಸಿ ತಾಲೂಕು