ಏಪ್ರಿಲ್‌ನಲ್ಲಿ ಮೋಶಿಗೆ ಬರುತ್ತಿರುವ ಮಕ್ಕಳ ಪೋಷಕರಿಗೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಏಪ್ರಿಲ್ ಕೊನೆಯ ವಾರ ನಿಮ್ಮ ಮಕ್ಕಳು ಬೆಂಗಳೂರಿನಿಂದ ಇಬ್ಬರು ಮೇಷ್ಟ್ರ ಜೊತೆ ತಾಂಜಾನಿಯಾದಲ್ಲಿರುವ ನಮ್ಮ ಶಾಲೆಗೆ ಬರುತ್ತಿದ್ದಾರೆ. ಬರಲಿ, ನಮಗೆಲ್ಲ ಖುಷಿ. ನಿಮ್ಮಲ್ಲಿ ಹಲವರು ಆಗಲೇ ಫೋನ್ ಮಾಡಿದ್ದೀರಿ, ವಾಟ್ಸಾಪ್ ಕಳಿಸಿದ್ದೀರಿ. ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಪ್ರಶ್ನೆ: "ಮೇಡಂ, ನಮ್ಮ ಹುಡುಗ ಅಲ್ಲಿ ಏನು ಸೇವೆ ಮಾಡಬೇಕು? ಆ ಮಕ್ಕಳಿಗೆ ಏನು ಕೊಟ್ಟು ಕಳಿಸೋಣ?"

ಏನೂ ಬೇಡ. ಸೇವೆಯೂ ಬೇಡ, ಸಾಮಾನೂ ಬೇಡ. ನೆಂಟರ ಹಾಗೆ ಬಂದು ಇದ್ದು ಹೋಗಲಿ. ಇದನ್ನು ಫೋನಿನಲ್ಲಿ ಹೇಳಿದಾಗ ಕೆಲವರಿಗೆ ಬೇಜಾರಾಯಿತು ಅನ್ನಿಸಿತು. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಶಾಲೆಯ ಬಗ್ಗೆ. ನಾವಿರುವುದು ತಾಂಜಾನಿಯಾದ ಉತ್ತರಕ್ಕೆ, ಮೋಶಿ ಪೇಟೆಯಿಂದ ಮೇಲೆ, ಕಿಲಿಮಂಜಾರೋ ಬೆಟ್ಟದ ಕೆಳ ಇಳಿಜಾರಿನಲ್ಲಿ. ಇದು ದಾನಿಗಳ ದುಡ್ಡಿನಿಂದ ನಡೆಯುವ ಶಾಲೆ. ಆದರೆ ಅನಾಥಾಶ್ರಮ ಅಲ್ಲ. ನಿಮ್ಮ ಗುಂಪಿನ ಒಂದು ಪೋಸ್ಟರಿನಲ್ಲಿ "ಆಫ್ರಿಕಾದ ಅನಾಥ ಮಕ್ಕಳೊಂದಿಗೆ" ಅಂತ ಇತ್ತು. ದಯವಿಟ್ಟು ತೆಗೆಸಿ. ನಮ್ಮ ಮಕ್ಕಳಿಗೆ ಮನೆ ಇದೆ. ಬೆಳಗ್ಗೆ ಮನೆಯಿಂದ ನಡೆದು ಬರುತ್ತಾರೆ, ಸಂಜೆ ಮನೆಗೆ ಹೋಗುತ್ತಾರೆ. ಕೆಲವರನ್ನು ಅಜ್ಜಿ ಸಾಕುತ್ತಿದ್ದಾಳೆ, ಕೆಲವರ ಅಪ್ಪ ದಾರ್ ಎಸ್ ಸಲಾಮ್ ನಗರಕ್ಕೆ ಕೂಲಿಗೆ ಹೋಗಿದ್ದಾನೆ. ಬಡತನ ಇದೆ. ಹಾಗಂತ ಅವರು ಯಾರಿಗೂ ಬೇಡವಾದ ಮಕ್ಕಳಲ್ಲ.

ಸರ್ಕಾರಿ ಶಾಲೆ ಇಲ್ಲವಾ ಅಂತ ಕೇಳಬಹುದು. ಇದೆ. ಪ್ರಾಥಮಿಕ ಶಾಲೆಯ ಫೀಸನ್ನು ಇಲ್ಲಿ 2001ರಲ್ಲೇ ತೆಗೆದರು. 2016ರಿಂದ ಪ್ರೌಢಶಾಲೆಯ ಮೊದಲ ನಾಲ್ಕು ವರ್ಷಕ್ಕೂ ಫೀಸಿಲ್ಲ. ಆದರೆ ಫೀಸು ಹೋದ ಮೇಲೆ ಮಕ್ಕಳು ತುಂಬಿ ತುಳುಕಿದರು, ತರಗತಿಗಳು ಸಾಲಲಿಲ್ಲ. ಯೂನಿಫಾರಂ, ನೋಟ್‌ಬುಕ್ಕು, ಮಧ್ಯಾಹ್ನದ ಊಟದ ವಂತಿಗೆ ಇವೆಲ್ಲ ಮನೆಯವರ ತಲೆಗೇ ಬರುತ್ತದೆ. ಇನ್ನೊಂದು ತೊಡಕು ನಿಮಗೆ ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಎಲ್ಲವೂ ಸ್ವಾಹಿಲಿಯಲ್ಲಿ. ಪ್ರೌಢಶಾಲೆಗೆ ಕಾಲಿಟ್ಟ ದಿನದಿಂದ ಎಲ್ಲವೂ ಇಂಗ್ಲಿಷಿನಲ್ಲಿ. ಏಳರವರೆಗೆ ಜಾಣನಾಗಿದ್ದ ಹುಡುಗ ಎಂಟಕ್ಕೆ ಬಂದ ಕೂಡಲೇ ಬಾಯಿ ಮುಚ್ಚಿಕೊಂಡು ಕೂರುತ್ತಾನೆ. ನಾನು ಕೊಪ್ಪದ ಕಡೆಯವಳು, ಕನ್ನಡ ಮೀಡಿಯಮ್ಮಿನಲ್ಲಿ ಓದಿದವಳು. ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ನಮ್ಮ ಶಾಲೆಯ ಮುಖ್ಯ ಕೆಲಸವೇ ಆ ದಾಟುವಿಕೆಗೆ ಮಕ್ಕಳನ್ನು ತಯಾರು ಮಾಡುವುದು.

ಈಗ ಸೇವೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಮಕ್ಕಳು ಇಲ್ಲಿ ಪಾಠ ಮಾಡುವುದಿಲ್ಲ. ಕಾನೂನೇ ಒಪ್ಪುವುದಿಲ್ಲ. ಪ್ರವಾಸಿ ವೀಸಾದಲ್ಲಿ ಬಂದವರು ಸಂಬಳ ಪಡೆಯದಿದ್ದರೂ ಶಾಲೆಯಲ್ಲಿ ಕೆಲಸ ಮಾಡುವಂತಿಲ್ಲ, ಅದಕ್ಕೆ ಬೇರೆ ಪರವಾನಗಿ ಬೇಕು. ಕಾನೂನು ಒಪ್ಪಿದ್ದರೂ ನಾನು ಒಪ್ಪುತ್ತಿರಲಿಲ್ಲ. ನಿಮ್ಮ ಮಗಳು ಓದುವ ಕಾಲೇಜಿಗೆ ನಾಳೆ ಹತ್ತೊಂಬತ್ತು ವರ್ಷದ ವಿದೇಶಿ ಹುಡುಗನೊಬ್ಬ ಬಂದು "ಒಂದು ವಾರ ಗಣಿತ ಹೇಳಿಕೊಡುತ್ತೇನೆ" ಅಂದರೆ ಪ್ರಿನ್ಸಿಪಾಲರನ್ನು ಸುಮ್ನೆ ಬಿಡುತ್ತೀರಾ? ನಮ್ಮಲ್ಲಿ ತರಬೇತಾದ ಶಿಕ್ಷಕರಿದ್ದಾರೆ. ಏಳನೇ ಕ್ಲಾಸಿನವರಿಗೆ ಸೆಪ್ಟೆಂಬರಿನಲ್ಲಿ ರಾಷ್ಟ್ರಮಟ್ಟದ ಪರೀಕ್ಷೆ ಇದೆ. ನಿಮ್ಮವರು ಹಿಂದಿನ ಬೆಂಚಿನಲ್ಲಿ ಕೂತು ನೋಡಲಿ. ಸ್ವಾಹಿಲಿ ತರಗತಿಯಲ್ಲಿ ಕೂತರೆ ಮೂರನೇ ಕ್ಲಾಸಿನವರೇ ಇವರಿಗೆ ಹೇಳಿಕೊಡುತ್ತಾರೆ. ಅದರಲ್ಲಿ ನಮ್ಮ ಮಕ್ಕಳು ಭಾರಿ ಜೋರು.

ಇಲ್ಲೊಂದು ಗಾದೆ ಇದೆ. ನೆಂಟನಿಗೆ ಎರಡು ದಿನ ಉಪಚಾರ ಮಾಡು, ಮೂರನೇ ದಿನ ಗುದ್ದಲಿ ಕೊಡು ಅಂತ. ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೇರೆಯವರೂ ಇದನ್ನು ಎತ್ತಿ ಹೇಳಿದ್ದರು. ಅವರು ಮೊದಲು ಮೇಷ್ಟ್ರಾಗಿದ್ದವರು, ಜನ ಇವತ್ತಿಗೂ ಅವರನ್ನು 'ಮ್ವಾಲಿಮು', ಅಂದರೆ ಮೇಷ್ಟ್ರು ಅಂತಲೇ ಕರೆಯುತ್ತಾರೆ. ನಮ್ಮ ಮಕ್ಕಳು ಬೆಳಗ್ಗೆ ಬಂದ ಕೂಡಲೇ ಅಂಗಳ ಗುಡಿಸುತ್ತಾರೆ, ಗಿಡಕ್ಕೆ ನೀರು ಹಾಕುತ್ತಾರೆ. ಊಟವಾದ ಮೇಲೆ ತಟ್ಟೆ ತೊಳೆಯುತ್ತಾರೆ. ನಿಮ್ಮವರೂ ಸೇರಿಕೊಳ್ಳಲಿ. ಪೊರಕೆ ಹಿಡಿಯುವುದಕ್ಕೆ ಯಾವ ಪರವಾನಗಿಯೂ ಬೇಡ!

ಉಡುಗೊರೆ ವಿಷಯದಲ್ಲಿ ನಾನು ಗಟ್ಟಿ. ಚಾಕೊಲೇಟು, ಪೆನ್ನು, ಹಳೇ ಬಟ್ಟೆ ಬ್ಯಾಗಿನಲ್ಲಿಟ್ಟುಕೊಂಡು ಬಂದು ಅಂಗಳದಲ್ಲಿ ನಿಂತು ಹಂಚುವುದು ಬೇಡ. ಹಾಗೆ ಹಂಚಿದ ಮೇಲೆ ಬಂದವರ ಮುಖ ಯಾರೂ ನೋಡುವುದಿಲ್ಲ, ಎಲ್ಲರ ಕಣ್ಣೂ ಬ್ಯಾಗಿನ ಮೇಲೆ. ಸಿಕ್ಕದ ಮಗು ಅಳುತ್ತದೆ. ಸಿಕ್ಕಿದ್ದನ್ನು ದೊಡ್ಡ ಹುಡುಗರು ಕಿತ್ತುಕೊಳ್ಳುತ್ತಾರೆ. ಕೊಡಲೇಬೇಕು ಅನ್ನಿಸಿದರೆ ಆಫೀಸಿನಲ್ಲಿ ಕೊಡಿ. ಮೋಶಿಯ ಅಂಗಡಿಯಲ್ಲೇ ನೋಟ್‌ಬುಕ್ ಸಿಗುತ್ತದೆ, ಅಲ್ಲೇ ಕೊಂಡರೆ ಇಲ್ಲಿನ ಅಂಗಡಿಯವನಿಗೂ ವ್ಯಾಪಾರ. ಬಟ್ಟೆಯಂತೂ ಬೇಡವೇ ಬೇಡ. ಹೊರದೇಶದ ಹಳೇ ಬಟ್ಟೆ ಇಲ್ಲಿನ ಸಂತೆಗಳಲ್ಲಿ ರಾಶಿ ರಾಶಿ ಬಿದ್ದಿದೆ.

ಫೋಟೋ. ನಿಮ್ಮ ಮಕ್ಕಳ ಇನ್‌ಸ್ಟಾಗ್ರಾಂ ನಾನು ನೋಡಿದ್ದೇನೆ, ಆದ್ದರಿಂದ ಇದನ್ನು ಹೇಳಲೇಬೇಕು. ಬೆಟ್ಟ, ಬಾಳೆತೋಟ, ಮಳೆ, ಊಟದ ತಟ್ಟೆ, ತಮ್ಮದೇ ಸೆಲ್ಫಿ, ಎಷ್ಟು ಬೇಕಾದರೂ ತೆಗೆಯಲಿ. ಮಗುವಿನ ಮುಖ ಕಾಣುವ ಫೋಟೋಗೆ ಆ ಮಗುವಿನ ಮನೆಯವರ ಒಪ್ಪಿಗೆ ಬೇಕು. ಯಾರು ಒಪ್ಪಿದ್ದಾರೆ ಅನ್ನುವ ಪಟ್ಟಿ ನನ್ನ ಹತ್ತಿರ ಇರುತ್ತದೆ. ಕಳೆದ ಸಭೆಯಲ್ಲಿ ಒಬ್ಬ ತಾಯಿ ಕೇಳಿದರು, "ನನ್ನ ಮಗಳ ಫೋಟೋ ಯಾರ ಫೋನಿನಲ್ಲಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?" ಸರಿಯಾದ ಪ್ರಶ್ನೆ ಅಲ್ವಾ? ಅನಾಥ ಮಕ್ಕಳನ್ನು ತೋರಿಸಿ ದುಡ್ಡು ಮಾಡುವ ಜಾಗಗಳು ಹಲವು ದೇಶಗಳಲ್ಲಿವೆ. ಪ್ರವಾಸಿಗರು ಬರುತ್ತಾರೆ ಅಂತಲೇ ಅಪ್ಪ ಅಮ್ಮ ಇರುವ ಮಕ್ಕಳನ್ನು ತಂದು ತುಂಬುತ್ತಾರೆ. ಆಸ್ಟ್ರೇಲಿಯಾ 2018ರಲ್ಲಿ ತನ್ನ ಆಧುನಿಕ ಗುಲಾಮಗಿರಿ ಕಾನೂನು ತರುವಾಗ ಇದನ್ನೂ ಅದರ ಜೊತೆ ಸೇರಿಸಿ ನೋಡಿತು. ನಮ್ಮ ಶಾಲೆ ಆ ದಾರಿಯ ಹತ್ತಿರವೂ ಸುಳಿಯಬಾರದು ಅನ್ನುವುದು ನನ್ನ ಹಟ. ಅದಕ್ಕೇ ನೆಂಟರು ಬಂದರು ಅಂತ ಪಾಠ ನಿಲ್ಲಿಸಿ ಮಕ್ಕಳನ್ನು ಕುಣಿಸುವುದಿಲ್ಲ. ಶುಕ್ರವಾರ ಸಂಜೆ ಹೇಗೂ ಹಾಡು, ಡ್ರಮ್ ಇರುತ್ತದೆ. ಅದಕ್ಕೆ ಬರಲಿ. ತಾವೂ ಒಂದು ಹಾಡು ಹೇಳಬೇಕಾಗುತ್ತದೆ, ಈಗಲೇ ತಯಾರಿ ಮಾಡಿಸಿ. ಸಿನಿಮಾ ಹಾಡಾದರೂ ಸರಿ.

ಇನ್ನು ಹೇಳಲು ಸ್ವಲ್ಪ ಕಷ್ಟದ ಮಾತು. ಬೆಂಗಳೂರಿನಿಂದ ಮಕ್ಕಳು ಬರುತ್ತಿದ್ದಾರೆ ಅಂತ ಇಲ್ಲಿನ ಪೋಷಕರ ಸಭೆಯಲ್ಲಿ ಹೇಳಿದಾಗ ಒಬ್ಬರು 2016ರ ಘಟನೆ ನೆನಪು ಮಾಡಿದರು. ಆ ವರ್ಷ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪೊಂದು ಹಲ್ಲೆ ಮಾಡಿತ್ತು. ನಿಮಗೆ ಮರೆತಿರಬಹುದು, ಇಲ್ಲಿಯವರಿಗೆ ಮರೆತಿಲ್ಲ. ಇಷ್ಟಾದರೂ ಅದೇ ಸಭೆಯಲ್ಲಿ "ನಮ್ಮ ಮನೆಗೂ ಒಂದು ದಿನ ಊಟಕ್ಕೆ ಕಳಿಸಿ" ಅಂತ ಹೆಸರು ಬರೆಸಿದವರು ಎಷ್ಟೋ ಜನ. ಆದ್ದರಿಂದ ಒಂದು ವಿನಂತಿ. ಇಲ್ಲಿಯವರಿಗೆ ಕನ್ನಡ ಬರುವುದಿಲ್ಲ ಅಂದುಕೊಂಡು ಬಣ್ಣದ ಬಗ್ಗೆ, ಕೂದಲಿನ ಬಗ್ಗೆ ತಮ್ಮತಮ್ಮಲ್ಲಿ ಮಾತಾಡಿ ನಗುವುದು ಬೇಡ. ನಗುವಿನ ಅರ್ಥ ಯಾವ ಮಗುವಿಗೂ ಆಗುತ್ತದೆ. "ನಿಮ್ಮ ದೇಶದಲ್ಲಿ ನಮ್ಮ ಹಾಗೆ ಕಾಣುವವರು ಇದ್ದಾರಾ?" ಅಂತ ನಮ್ಮ ಮಕ್ಕಳು ಕೇಳಿಯೇ ಕೇಳುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಜನರ ಬಗ್ಗೆ ನಿಮ್ಮ ಮಕ್ಕಳು ಓದಿಕೊಂಡು ಬರಲಿ. ಅವರ ಹಿರಿಯರು ಆಫ್ರಿಕಾದಿಂದ ಬಂದವರು, ಹಲವರನ್ನು ಗುಲಾಮರನ್ನಾಗಿ ಹಡಗಿನಲ್ಲಿ ತಂದಿದ್ದರು. ಇವತ್ತು ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ ಆಡುತ್ತಾರೆ. ನಾನು ಇದನ್ನು ಮೊದಲ ಸಲ ಹೇಳಿದಾಗ ಆರನೇ ಕ್ಲಾಸಿನವರು ನಂಬಲೇ ಇಲ್ಲ.

ಊಟದ ಬಗ್ಗೆ ಅಮ್ಮಂದಿರಿಗೆ ಜಾಸ್ತಿ ಚಿಂತೆ. ಬೆಳಗ್ಗೆ ಶಾಲೆಯಲ್ಲಿ 'ಉಜಿ', ಅಂದರೆ ಗಂಜಿ. ನಾವು ಅದಕ್ಕೆ 'ಉಲೇಜಿ' ಹಿಟ್ಟು ಹಾಕುತ್ತೇವೆ. ಉಲೇಜಿ ಅಂದರೆ ಬೇರೇನಲ್ಲ, ನಮ್ಮ ರಾಗಿ! ಸರಿಯಾಗಿ ಹೇಳಬೇಕೆಂದರೆ ಇವರ ರಾಗಿ. ಅದು ಮೊದಲು ಬೆಳೆದದ್ದೇ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ, ನಮ್ಮ ಕಡೆಗೆ ಸಾವಿರಾರು ವರ್ಷದ ಹಿಂದೆ ಬಂತು. ಮಂಡ್ಯ, ಹಾಸನದ ಮಕ್ಕಳು ಎರಡನೇ ಲೋಟ ಕೇಳುತ್ತಾರೆ ಅಂತ ನನಗೆ ಧೈರ್ಯ. ಮಧ್ಯಾಹ್ನ 'ಉಗಾಲಿ', ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಇದನ್ನು ನುಂಗುವುದಲ್ಲ, ಅಗಿದು ತಿನ್ನಬೇಕು. ಜೊತೆಗೆ ಹುರುಳಿಕಾಯಿ ಬೀಜದ ಸಾರು, 'ಮ್ಚಿಚಾ' ಸೊಪ್ಪಿನ ಪಲ್ಯ. ಮ್ಚಿಚಾ ಅಂದರೆ ದಂಟಿನ ಸೊಪ್ಪಿನ ಜಾತಿಯೇ. ಮೊಸರು ಸಿಗುತ್ತದೆ.

ತೊಂದರೆ ಬರುವುದು ಮನೆಗಳಲ್ಲಿ. ನೆಂಟರು ಬಂದರೆ ಇಲ್ಲಿ ಕೋಳಿ ಕೊಯ್ಯುತ್ತಾರೆ. ಈ ಬೆಟ್ಟದ ಇಳಿಜಾರಿನ ಚಗ್ಗಾ ಜನ ಬಾಳೆಕಾಯಿಯನ್ನು ಮಾಂಸದ ಜೊತೆ ಬೇಯಿಸುತ್ತಾರೆ, ನೋಡಿದರೆ ಬರೀ ಬಾಳೆಕಾಯಿ ಸಾರಿನ ಹಾಗೇ ಇರುತ್ತದೆ. ಕೋಳಿ ಕೊಯ್ದ ಮೇಲೆ "ನಾನು ವೆಜ್" ಅಂದರೆ ಆ ಮನೆಯವರಿಗೆ ಎಷ್ಟು ನೋವಾಗುತ್ತದೆ ಯೋಚಿಸಿ. ಅಲ್ಲಿ ಕೋಳಿ ಅಂದರೆ ಸಣ್ಣ ಖರ್ಚಲ್ಲ. ಯಾರು ಮಾಂಸ ತಿನ್ನುವುದಿಲ್ಲ, ಯಾರಿಗೆ ಮೊಟ್ಟೆಯೂ ಆಗುವುದಿಲ್ಲ ಅನ್ನುವುದನ್ನು ಈಗಲೇ ಬರೆದು ತಿಳಿಸಿ. ನಾನು ಮೊದಲೇ ಮನೆಯವರಿಗೆ ಹೇಳಿಟ್ಟರೆ ಯಾರಿಗೂ ಮುಜುಗರ ಇಲ್ಲ. ಊಟಕ್ಕೆ ಮೊದಲು ಮನೆಯವರೇ ಚೊಂಬಿನಲ್ಲಿ ನೀರು ತಂದು ಕೈಗೆ ಹೊಯ್ಯುತ್ತಾರೆ, ಬೇಡ ಅನ್ನಬಾರದು. ಊಟಕ್ಕೆ ಹೋಗುವಾಗ ಒಂದು ಕಿಲೋ ಸಕ್ಕರೆಯೋ ಅಕ್ಕಿಯೋ ತೆಗೆದುಕೊಂಡು ಹೋದರೆ ಚೆಂದ. ನಾವು ಬರಿಗೈಯಲ್ಲಿ ಯಾರ ಮನೆಗೂ ಹೋಗುವುದಿಲ್ಲವಲ್ಲ, ಅದೇ ಲೆಕ್ಕ. ಅಜ್ಜಂದಿರು ಪ್ರೀತಿಯಿಂದ 'ಮ್ಬೆಗೆ' ಕೊಡಬಹುದು. ಅದು ಬಾಳೆಹಣ್ಣು ಮತ್ತು ರಾಗಿಯ ಮೊಳಕೆಯಿಂದ ಮಾಡಿದ ಹೆಂಡ. ರಾಗಿ ಅಂಬಲಿ ಅಂದುಕೊಂಡು ಗಟಗಟ ಕುಡಿದರು ಅಂತ ಆಮೇಲೆ ನನ್ನನ್ನು ಕೇಳಬೇಡಿ.

ಹಿರಿಯರನ್ನು ಕಂಡರೆ 'ಶಿಕಮೋ' ಅನ್ನಬೇಕು. ಅವರು 'ಮರಹಬಾ' ಅನ್ನುತ್ತಾರೆ. ಇದೊಂದನ್ನು ಕಲಿತು ಬಂದರೆ ಹಳ್ಳಿಯಲ್ಲಿ ಅರ್ಧ ಕೆಲಸ ಆದ ಹಾಗೆ. ಬಟ್ಟೆ ಮೊಣಕಾಲು ಮುಚ್ಚುವಂತಿರಲಿ, ಹುಡುಗರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಕೆಲವು ಸಣ್ಣ ವಿಷಯಗಳು. ನಿಮಗೆ ಬೇಸಿಗೆ ರಜೆ, ನಮಗೆ ಅದು ಮಳೆಗಾಲ. ಮಾರ್ಚಿನಿಂದ ಮೇ ತನಕ ಇಲ್ಲಿ ದೊಡ್ಡ ಮಳೆ. ರೈನ್‌ಕೋಟು, ಸ್ವೆಟರ್, ಕೆಸರಿಗೆ ತಡೆಯುವ ಚಪ್ಪಲಿ ಬೇಕು. 5,895 ಮೀಟರ್ ಬೆಟ್ಟ ಬೆನ್ನ ಹಿಂದೆಯೇ ಇದ್ದರೂ ಮೋಡದಲ್ಲಿ ಮುಚ್ಚಿರಬಹುದು. ಬೆಳಗ್ಗೆ ಬೇಗ ಎದ್ದವರಿಗೆ ಕಾಣುವ ಅದೃಷ್ಟ ಹೆಚ್ಚು. ಹತ್ತುವ ಕಾರ್ಯಕ್ರಮ ಇಲ್ಲ, ಕೇಳಲೂ ಬೇಡಿ.

ವಿಮಾನ ನೈರೋಬಿ ಅಥವಾ ಅಡಿಸ್ ಅಬಾಬಾ ಮೇಲೆ ಬರುವುದಾದರೆ ಹಳದಿ ಜ್ವರದ ಲಸಿಕೆ ಕಾರ್ಡನ್ನು ಕೇಳಬಹುದು. ಲಸಿಕೆ ಸರ್ಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಹಾಕಿಸಿಕೊಂಡು 10 ದಿನ ಆದ ಮೇಲೆ ಕಾರ್ಡು ಚಾಲ್ತಿಗೆ ಬರುತ್ತದೆ, ಆದ್ದರಿಂದ ಕೊನೆಯ ವಾರದ ತನಕ ಕಾಯಬೇಡಿ. ಮಲೇರಿಯಾ ಮಾತ್ರೆಯ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಸೊಳ್ಳೆ ಪರದೆ ನಮ್ಮಲ್ಲಿದೆ.

ಪ್ಲಾಸ್ಟಿಕ್ ಕೈಚೀಲಗಳಿಗೆ 2019ರ ಜೂನ್ 1ರಿಂದ ಇಲ್ಲಿ ನಿಷೇಧ ಇದೆ. ಚಕ್ಕುಲಿ, ಕೋಡುಬಳೆ ಡಬ್ಬಿಯಲ್ಲಿ ಹಾಕಿ ಕೊಡಿ. ಸಮಯ ನಿಮಗಿಂತ ಎರಡೂವರೆ ಗಂಟೆ ಹಿಂದೆ. ನಮಗೆ ರಾತ್ರಿ ಎಂಟು ಅಂದರೆ ನಿಮಗೆ ಹತ್ತೂವರೆ. ಅದರ ಮೇಲೆ ಹಳ್ಳಿಯವರು ಸೂರ್ಯ ಹುಟ್ಟಿದ ಮೇಲಿನ ಗಂಟೆ ಎಣಿಸುತ್ತಾರೆ, ಬೆಳಗ್ಗೆ ಏಳಕ್ಕೆ "ಒಂದು ಗಂಟೆ" ಅನ್ನುತ್ತಾರೆ. "ಇವತ್ತು ಒಂದು ಗಂಟೆಗೆ ತಿಂಡಿ" ಅಂತ ಮೆಸೇಜ್ ಬಂದರೆ ಗಾಬರಿ ಬೇಡ. ಕರೆಂಟು ಹೋಗುತ್ತಿರುತ್ತದೆ. ಒಂದು ದಿನ ಫೋನ್ ಬರದಿದ್ದರೆ ನನಗೆ ಮೆಸೇಜ್ ಹಾಕಿ, ಮೂವತ್ತು ಸಲ ಕರೆ ಮಾಡಬೇಡಿ.

ಏಪ್ರಿಲ್ 26 ಒಕ್ಕೂಟ ದಿನ. 1964ರಲ್ಲಿ ಟಾಂಗನ್ಯಿಕಾ ಮತ್ತು ಜಾಂಜಿಬಾರ್ ಸೇರಿ ಒಂದೇ ದೇಶವಾದ ದಿನ ಅದು. ಶಾಲೆಗೆ ರಜೆ. ಅವತ್ತು ಎಲ್ಲರೂ ಮನೆಗಳಿಗೆ ಊಟಕ್ಕೆ ಹೋಗುತ್ತಾರೆ, ಒಂದು ಮನೆಗೆ ಇಬ್ಬಿಬ್ಬರು. ಮನೆಗಳು ಹೆಚ್ಚಿನವು ಬಾಳೆ, ಕಾಫಿ ಗಿಡಗಳ ನಡುವೆಯೇ ಇವೆ. ಮಲೆನಾಡಿನ ಮಕ್ಕಳಿಗೆ ದಾರಿ ತಪ್ಪಿದರೂ ಹೆದರಿಕೆ ಆಗಲಿಕ್ಕಿಲ್ಲ.

ಪಾಸ್‌ಪೋರ್ಟ್ ಪ್ರತಿ, ಊಟದ ವಿವರ, ಔಷಧಿ ಏನಾದರೂ ಇದ್ದರೆ ಅದರ ಚೀಟಿ, ಇಷ್ಟನ್ನು ಮಾರ್ಚ್ ಮುಗಿಯುವುದರೊಳಗೆ ಜೊತೆಗೆ ಬರುವ ಮೇಷ್ಟ್ರ ಕೈಗೆ ಕೊಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ

ವಿ.ಸೂ.: "ನಿಮಗಾದರೂ ಏನು ತರಲಿ ಮೇಡಂ?" ಅಂತ ಕೇಳಿದವರಿಗೆ: ಅಪ್ಪೆಮಿಡಿ ಉಪ್ಪಿನಕಾಯಿ. ಇದಕ್ಕೆ ಮೇಲೆ ಹೇಳಿದ ಉಡುಗೊರೆಯ ನಿಯಮ ಅನ್ವಯಿಸುವುದಿಲ್ಲ.