ಕೊಡೆ ರಿಪೇರಿ ಮಾಡಿಸಿಡು

ತೀರ್ಥಹಳ್ಳಿ

ಪ್ರೀತಿಯ ತಮ್ಮಾ,

ನಿನ್ನ ಕತೆ ಎರಡು ಸಲ ಓದಿದೆ. ಹೊಸನಗರದ ಸೈನಿಕ ಹುಡುಗ, 1999ರ ಜೂನ್, ಕಾರ್ಗಿಲ್ ಯುದ್ಧ, ತೋಲೋಲಿಂಗ್ ಬೆಟ್ಟ ಹತ್ತುವ ಹಿಂದಿನ ರಾತ್ರಿ ಹೆಂಡತಿಗೆ ಕಾಗದ ಬರೆಯುತ್ತಾನೆ. ಚಳಿ, ಬಂಡೆ, ಶೆಲ್ ಬೀಳುವ ಸದ್ದು, ಎಲ್ಲ ನಂಬುವ ಹಾಗೆ ಬಂದಿದೆ. ಕಾಗದ ಶುರುವಾಯಿತೋ, ಆ ಹುಡುಗ ಮಾಯ. ಅವನ ಜಾಗದಲ್ಲಿ ನೀನು ಕೂತುಬಿಟ್ಟಿದ್ದೀಯ. 'ಪ್ರಾಣೇಶ್ವರಿ' ಅಂತ ನಮ್ಮ ಕಡೆ ಯಾವ ಗಂಡ ಕರೀತಾನೆ ಹೇಳು?

ನಾನು ಕಂಡ ಒಂದು ಕಾಗದದ ವಿಷಯ ಹೇಳುತ್ತೇನೆ. 1971ರ ಡಿಸೆಂಬರ್, ಪಾಕಿಸ್ತಾನದ ಜೊತೆ ಯುದ್ಧದ ಸಮಯ. ನಾನಾಗ ನಾಲ್ಕನೇ ಕ್ಲಾಸು. ಪಕ್ಕದ ಮನೆ ಅಕ್ಕನ ಗಂಡ ಮಿಲಿಟರಿಯಲ್ಲಿದ್ದರು. ಅಕ್ಕನಿಗೆ ಓದು ಬರುತ್ತಿರಲಿಲ್ಲ. ಅಡಿಕೆ ಸುಲಿಯುವ ಕಾಲ. ರಾತ್ರಿ ಲಾಟೀನು ಬೆಳಕಲ್ಲಿ ಹೆಂಗಸರೆಲ್ಲ ಮೆಟ್ಟುಗತ್ತಿ ಮುಂದೆ ಕೂತಿದ್ದರು. ಅಕ್ಕ ನನ್ನ ಕೈಗೆ ನೀಲಿ ಇನ್‌ಲ್ಯಾಂಡ್ ಕಾಗದ ಕೊಟ್ಟು 'ಓದು ಮಗಾ' ಅಂದಳು. ನಾನು ಕ್ಲಾಸಿನಲ್ಲಿ ಪಾಠ ಓದುವ ಹಾಗೆ ಗಟ್ಟಿಯಾಗಿ ಓದಿದೆ. ನಾನು ಕ್ಷೇಮ. ಕೆಂದ ದನ ಕರು ಹಾಕಿತೇ? ಸೊಸೈಟಿ ಸಾಲದ ಕಂತು ಕಟ್ಟು. ಅಮ್ಮನಿಗೆ ಕಂಬಳಿ ತೆಗೆಸಿಕೊಡು. ಕೊನೆಗೆ, ಅಂಟಿಸುವ ಅಂಚಿನ ಹತ್ತಿರ ಅಡ್ಡಡ್ಡ ಬರೆದ ಒಂದು ಸಾಲು: 'ನನ್ನ ಕೊಡೆಯ ಎರಡು ಕಡ್ಡಿ ಮುರಿದಿದೆ, ರಿಪೇರಿ ಮಾಡಿಸಿಡು.'

ಅಕ್ಕನ ಕೈ ನಿಂತಿತು. 'ಇನ್ನೊಂದ್ಸಲ ಓದು' ಅಂದಳು. ಓದಿದೆ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನನಗೆ ಏನೂ ತಿಳಿಯಲಿಲ್ಲ. ಡಿಸೆಂಬರಿನಲ್ಲಿ ಕೊಡೆ ಯಾರಿಗೆ ಬೇಕು? ಎಷ್ಟೋ ವರ್ಷದ ಮೇಲೆ ಹೊಳೆಯಿತು. ಕೊಡೆ ಬೇಕಾಗುವುದು ಜೂನಿಗೆ. ಜೂನಿಗೆ ಬರುತ್ತೇನೆ ಅಂತ ಆಣೆ ಮಾಡಿ ಹೇಳುವ ಧೈರ್ಯ ಅವರಿಗಿರಲಿಲ್ಲ. ಬರುವುದಿಲ್ಲವೇನೋ ಅನ್ನಲು ಬಾಯಿ ಬರಲಿಲ್ಲ. ಎರಡನ್ನೂ ಆ ಕೊಡೆ ಹೊತ್ತುಕೊಂಡು ಬಂದಿತ್ತು.

ಭಾವ ಬಂದರು. ಮುಂದಿನ ಮಳೆಗಾಲದಲ್ಲಿ ಅದೇ ಕೊಡೆ ಹಿಡಿದು ಗದ್ದೆಯ ಅಂಚಿನ ಮೇಲೆ ನಡೆದದ್ದನ್ನು ನೋಡಿದ್ದೇನೆ. ಬಾರದೇ ಇದ್ದಿದ್ದರೂ ಆ ಕಾಗದದ ಒಂದಕ್ಷರ ಬೇರೆ ಆಗುತ್ತಿರಲಿಲ್ಲ, ಅಲ್ವಾ? ನಿನ್ನ ಕತೆ ಜಾರಿರುವುದು ಇಲ್ಲೇ. ನಿನ್ನ ಸೈನಿಕ ಮೊದಲ ಸಾಲಿನಿಂದಲೇ ಸತ್ತವನ ಹಾಗೆ ಮಾತಾಡುತ್ತಾನೆ. ಅವನು ಸಾಯುತ್ತಾನೆ ಅಂತ ನಿನಗೆ ಗೊತ್ತು. ಅವನಿಗೆ ಗೊತ್ತಿಲ್ಲ ಮಾರಾಯ.

ನೀನು ಹೇಳಿದ ಆ ಅಮೆರಿಕದ ಕಾಗದ ನನಗೂ ಇಷ್ಟ. ಅಲ್ಲಿನ ಅಂತರ್ಯುದ್ಧದಲ್ಲಿ ಸಲ್ಲಿವನ್ ಬಲ್ಲೂ ಅನ್ನುವ ಸೈನಿಕ 1861ರ ಜುಲೈ 14ರಂದು ಹೆಂಡತಿ ಸಾರಾಗೆ ಬರೆದದ್ದು. 21ಕ್ಕೆ ಬುಲ್ ರನ್ ಕಾಳಗದಲ್ಲಿ ಫಿರಂಗಿ ಗುಂಡಿಗೆ ಕಾಲು ಹೋಯಿತು. ಕೆಲವೇ ದಿನದಲ್ಲಿ ಜೀವವೂ ಹೋಯಿತು. ಆ ಕಾಗದ ಅಂಚೆಗೇ ಬಿದ್ದಿರಲಿಲ್ಲ, ಅವನ ಸಾಮಾನಿನ ಜೊತೆ ಸಿಕ್ಕಿತು. ಅವನು ವಕೀಲ, ಶಾಸನಸಭೆಯಲ್ಲಿ ಕೂತವನು. ದೊಡ್ಡ ಮಾತು ಅವನ ಬಾಯಿಗೆ ಹೊಂದುತ್ತದೆ. ತಣ್ಣನೆ ಗಾಳಿಯಾಗಿ ಬಂದು ನಿನ್ನ ಕೆನ್ನೆ ಸೋಕುತ್ತೇನೆ ಅನ್ನುವ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನೀನೂ ಅದನ್ನೇ ನಮ್ಮ ಹುಡುಗನ ಬಾಯಲ್ಲಿ ಇಟ್ಟಿದ್ದೀಯ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಮಾತು. ತಬ್ಬಲಿಯಾಗಿ ಬೆಳೆದು ತಾನು ತಿಂದ ಕಹಿ ಹಣ್ಣನ್ನೇ ತನ್ನ ಪುಟ್ಟ ಮಕ್ಕಳಿಗೂ ತಿನ್ನಿಸಬೇಕೇ ಅಂತ ಅವನು ಸಂಕಟಪಡುತ್ತಾನೆ. ಅದು ಅವನ ಸ್ವಂತ ಮಾತು. ಬೇರೆ ಯಾರೂ ಬರೆಯಲಾರರು.

ನಿನ್ನ ಹುಡುಗನ ಸ್ವಂತ ಮಾತು ಯಾವುದು? ಅವನು ಅಡಿಕೆ ತೋಟದ ಮನೆಯವನು. ಊರಲ್ಲಿ ಮಳೆ ಹಿಡಿದಿದೆ. ಮಳೆಗೆ ಮುಂಚೆ ಅಡಿಕೆ ಗೊನೆಗಳಿಗೆ ಮೈಲುತುತ್ತ, ಸುಣ್ಣದ ಔಷಧಿ ಒಂದು ಸಲ ಹೊಡೆಸಿರುತ್ತಾರೆ. 40-45 ದಿನಕ್ಕೆ ಇನ್ನೊಂದು ಸಲ ಹೊಡೆಯದಿದ್ದರೆ ಕೊಳೆರೋಗ ಬಂದು ಕಾಯೆಲ್ಲ ಉದುರುತ್ತದೆ. ಹಿಮದಲ್ಲಿ ಕೂತವನು ಬೆರಳು ಮಡಿಸಿ ಎಣಿಸಲಿ. ಮೇ ಕೊನೆಗೆ ಮೊದಲನೆಯದು ಅಂದರೆ ಎರಡನೆಯದು ಜುಲೈ ನಡುವೆ. ಮರ ಹತ್ತುವವರು ಸಿಗುತ್ತಾರೋ ಇಲ್ಲವೋ, ಹೆಂಡತಿ ಒಬ್ಬಳೇ ಯಾರ ಮನೆ ಬಾಗಿಲಿಗೆ ಹೋಗಿ ಕೇಳಬೇಕು, ಅದನ್ನೆಲ್ಲ ಯೋಚಿಸಲಿ. ಅಲ್ಲಿ ಅವನ ಪ್ರೀತಿ ತಾನಾಗಿ ಕಾಣುತ್ತದೆ.

ಇನ್ನೊಂದು. ಕಾಗದದ ಮೇಲೆ 'ತೋಲೋಲಿಂಗ್' ಅಂತ ಬರೆಸಿದ್ದೀಯ. ಸೈನಿಕ ತಾನಿರುವ ಜಾಗ ಬರೆಯುವ ಹಾಗಿಲ್ಲ. ನಂಬರು, ಹೆಸರು, ಯೂನಿಟ್ಟು, 56 ಎ.ಪಿ.ಒ. ಅನ್ನುವ ಸೇನೆಯ ಅಂಚೆ ಕಚೇರಿ, ಅಷ್ಟೇ ವಿಳಾಸ. ಹೆಂಡತಿ ಟೀವಿಯಲ್ಲಿ ಬೆಟ್ಟದ ಹೆಸರು ಕೇಳುತ್ತಾಳೆ, ಗಂಡ ಅಲ್ಲೇ ಇದ್ದಾನೋ ಇಲ್ಲವೋ ತಿಳಿಯದು. ತೋಲೋಲಿಂಗ್ ಜೂನ್ 13ಕ್ಕೆ ನಮ್ಮ ಕೈಗೆ ಬಂತು. ಆ ಸುದ್ದಿ ಹೊಸನಗರಕ್ಕೆ ಅವತ್ತೋ ಮಾರನೇ ದಿನವೋ ಮುಟ್ಟುತ್ತದೆ, ಕಾಗದ ಮುಟ್ಟುವುದು ಎಷ್ಟೋ ದಿನದ ಮೇಲೆ. ಪೋಸ್ಟ್‌ಮ್ಯಾನ್ ಒದ್ದೆ ಚೀಲದಿಂದ ತೆಗೆದುಕೊಟ್ಟ ಆ ಕಾಗದದಲ್ಲಿ 'ನಾನು ಕ್ಷೇಮ' ಅಂತ ಇರುತ್ತದೆ. ಯಾವತ್ತಿನ ಕ್ಷೇಮ ಅದು? ಈ ಜಾಗವನ್ನು ನೀನು ಸುಮ್ನೆ ದಾಟಿ ಹೋಗಿದ್ದೀಯ. ಇಲ್ಲಿ ನಿಲ್ಲು.

ಒಂದು ಕೆಲಸ ಮಾಡು. ಪೋಸ್ಟಾಫೀಸಿನಿಂದ ಒಂದು ಇನ್‌ಲ್ಯಾಂಡ್ ತಂದು ಆ ಕಾಗದವನ್ನು ಅದರ ಮೇಲೇ ಕೈಯಲ್ಲಿ ಬರೆ. ನಿನ್ನ ನಾಲ್ಕು ಪುಟ ಅದರಲ್ಲಿ ಹಿಡಿಸುವುದಿಲ್ಲ. ಏನು ಬಿಡಬೇಕು ಅಂತ ನಿನ್ನ ಹುಡುಗನೇ ಹೇಳುತ್ತಾನೆ. ಬರೆದಾದ ಮೇಲೆ ಅಂಟಿಸಿ ನನಗೇ ಪೋಸ್ಟ್ ಮಾಡು. ಈ ಕಡೆ ಮಳೆ ಜೋರಾಗಿದೆ, ಎರಡು ದಿನ ತಡವಾಗಬಹುದು. ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಅಣ್ಣ