ಪುಟ್ಟಿ ಗುರುತು ಹಿಡೀತಾಳಾ ಅಂತ ಕೇಳಿದ್ದೆಯಲ್ಲ

ಶ್ರೀನಿವಾಸಪುರ
ಭಾನುವಾರ ಸಂಜೆ

ಚಿ. ಮುರಳಿಗೆ ಮಾಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಮೂರು ಪುಟ ಊಟ, ಚಳಿ, ಮಿಲಿಟರಿ ಪೋಸ್ಟಿನ ನಾಯಿ ಅಂತ ಬರೆದು, ಕೊನೆಗೆ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೀಯ. "ಹೆಲ್ಮೆಟ್ ತಲೆಗಾಯ್ತು ಮಾಮ, ಮುಖಕ್ಕೇನು? ಮುಖ ಹೋದರೆ ಪುಟ್ಟಿ ನನ್ನ ಗುರುತು ಹಿಡೀತಾಳಾ?" ನಿಮ್ಮಮ್ಮನಿಗೆ ಓದಿ ಹೇಳುವಾಗ ಆ ಸಾಲು ಬಿಟ್ಟೆ.

ಸಾವಿನ ಬಗ್ಗೆ ಕೇಳಿದ್ದರೆ ಏನಾದರೂ ಹೇಳುತ್ತಿದ್ದೆ. ಇದಕ್ಕೆ ಉತ್ತರ ಹೊಳೆಯದೆ ಸುಮ್ನೆ ತೋಟದಲ್ಲಿ ಓಡಾಡಿದೆ.

ನಾನು ಮಿಲಿಟರಿಯಲ್ಲಿದ್ದಾಗ ಕಾಶ್ಮೀರದಲ್ಲಿ ಹೆಲ್ಮೆಟ್ ಬದಲು ತಲೆಗೆ ಪಟ್ಕಾ ಕಟ್ಟುತ್ತಿದ್ದೆವು. ಹಣೆಗೊಂದು ತಗಡು, ಹಿಂದಲೆಗೊಂದು ತಗಡು, ಎರಡೂವರೆ ಕೆ.ಜಿ. ಭಾರ. ಕಿವಿಯ ಪಕ್ಕ ಬರೀ ಬಟ್ಟೆ. ರಾತ್ರಿ ಬಿಚ್ಚಿದರೆ ಹಣೆಯ ಮೇಲೆ ಬಾವಿಕಟ್ಟೆ ಕಲ್ಲಿಗೆ ಹಗ್ಗ ಉಜ್ಜಿದ ಹಾಗೆ ಗೆರೆ. ಬೆಳಗಿನವರೆಗೂ ಕುತ್ತಿಗೆ ತಿರುಗುತ್ತಿರಲಿಲ್ಲ. 2017ರಲ್ಲಿ ಕಾನ್ಪುರದ ಕಂಪನಿಯಿಂದ 1.58 ಲಕ್ಷ ಹೊಸ ಹೆಲ್ಮೆಟ್ ಬರುತ್ತವೆ ಅಂತ ಪೇಪರಲ್ಲಿ ಓದಿ, ಸದ್ಯ, ನಮ್ಮ ಹುಡುಗರು ಬಚಾವಾದರು ಅಂದುಕೊಂಡೆ. ಅದೂ ತಡೆಯುವುದು ಪಿಸ್ತೂಲಿನ 9 ಎಂ.ಎಂ. ಗುಂಡನ್ನು, ಸಿಡಿದ ಚೂರನ್ನು. ರೈಫಲ್ ಗುಂಡಿನ ವೇಗವೇ ಬೇರೆ. ಅದನ್ನೂ ತಡೆಯಬೇಕೆಂದರೆ ಭಾರ ಏರುತ್ತದೆ, ಕುತ್ತಿಗೆ ಸೋಲುತ್ತದೆ.

ಮುಖದ್ದು ಇನ್ನೂ ಕಷ್ಟ. ರೈಫಲ್ಲಿನ ಹಿಂತುದಿಗೆ ಕೆನ್ನೆ ಒತ್ತದೆ ಗುರಿ ಇಡಲಾಗುವುದಿಲ್ಲ ಅಲ್ವಾ. ಮುಂದೆ ಗಾಜಿನಂಥದ್ದು ಇಳಿಬಿಟ್ಟರೆ ನಿನ್ನ ಉಸಿರೇ ಅದರ ಮೇಲೆ ಕೂತು ಕಣ್ಣು ಕಟ್ಟುತ್ತದೆ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರು ಟ್ಯಾಂಕಿನೊಳಗಿನವರಿಗೆ ಚರ್ಮದ ಮುಖವಾಡ ಕೊಟ್ಟಿದ್ದರು. ಬಾಯಿಯ ಮುಂದೆ ಸರಪಳಿಯ ಜಾಲರಿ ಜೋತಾಡುತ್ತಿತ್ತು. ಸೆಕೆ, ಮೇಲೆ ಕಣ್ಣೂ ಸರಿಯಾಗಿ ಕಾಣದು. ಎಷ್ಟೋ ಜನ ಕಿತ್ತು ಪಕ್ಕಕ್ಕಿಟ್ಟರು. ನೂರು ವರ್ಷ ಕಳೆದರೂ ಆ ತಾಪತ್ರಯ ತೀರಿಲ್ಲ.

ನೋಡು, ಎಲ್ಲೆಲ್ಲೋ ಹೋದೆ. ನೀನು ಕೇಳಿದ್ದು ಹೆಲ್ಮೆಟ್ಟಿನ ವಿಷಯ ಅಲ್ಲ.

ಮುಳಬಾಗಿಲು ಕಡೆಯವನೊಬ್ಬ ನನ್ನ ಜೊತೆಗಿದ್ದ. ಹೆಸರು ಬೇಡ. ಮೈನ್ ಸಿಡಿದು ಚೂರು ದವಡೆಗೆ ಬಿತ್ತು. ಪಟ್ಕಾದ ಮೇಲೆ ಒಂದು ಗೀರೂ ಇರಲಿಲ್ಲ. ಆಸ್ಪತ್ರೆಗೆ ಕಿತ್ತಳೆ ಹಣ್ಣು ಹಿಡಿದು ಹೋದೆ, ಬಾಯಿ ತೆರೆಯಲಾಗದವನಿಗೆ! ಅವನು ಪೆನ್ಸಿಲಲ್ಲಿ ಚೀಟಿ ಬರೆದ: "ಊರಲ್ಲಿ ಮಳೆ ಆಯ್ತಂತಾ?" ಡ್ರಿಪ್ ಬಾಟಲಿ ನೋಡಿಕೊಂಡು "ಇಲ್ಲವಂತೆ" ಅಂದೆ. ಕಾಲು ಗಂಟೆ ಕೂತಿದ್ದೆ. ಒಂದು ಸಲವೂ ಅವನ ಮುಖ ನೋಡಲಿಲ್ಲ.

ನಿನ್ನ ಕಾಗದ ಬಂದ ಮೇಲೆ ಮೊಮ್ಮಗ ಮೊಬೈಲಲ್ಲಿ ಹುಡುಕಿ ಓದಿ ಹೇಳಿದ. ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ 1917ರಲ್ಲಿ ಮುಖದ ಗಾಯಕ್ಕೆಂದೇ ಒಂದು ಆಸ್ಪತ್ರೆ ಶುರುವಾಯಿತಂತೆ. ಹೆರಾಲ್ಡ್ ಗಿಲೀಸ್ ಅನ್ನುವ ಡಾಕ್ಟರು ಸೈನಿಕರ ಮೈಚರ್ಮವನ್ನೇ ತೆಗೆದು ಹರಿದ ಮುಖ ಕಟ್ಟುತ್ತಿದ್ದರು. ಆ ಊರಿನ ದಾರಿಬದಿಯ ಕೆಲವು ಬೆಂಚುಗಳಿಗೆ ನೀಲಿ ಬಣ್ಣ. ಅಲ್ಲಿ ಕೂತವರನ್ನು ಕಂಡು ಜನ ಬೆಚ್ಚದಿರಲಿ ಅಂತ, ಮೊದಲೇ ಗೊತ್ತಾಗಲಿ ಅಂತ. ಸಾಕು ನಿಲ್ಲಿಸೋ ಅಂದೆ.

ಆಸ್ಪತ್ರೆಯಲ್ಲಿ ನೋಡಿದ ಎರಡು ವರ್ಷದ ಮೇಲೆ ಆ ಮುಳಬಾಗಿಲಿನವನನ್ನು ಕೋಲಾರ ಬಸ್ ಸ್ಟ್ಯಾಂಡಲ್ಲಿ ಕಂಡೆ. ಗದ್ದ ಒಂದು ಕಡೆ ಕುಸಿದಿತ್ತು. ಮಗಳು ಹೆಗಲ ಮೇಲೆ ಕೂತು, ಒಂದು ಕೈ ಆ ತಗ್ಗಿನಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕಡಲೆಕಾಯಿ ತಿನ್ನುತ್ತಿದ್ದಳು. ಹೋಗಿ ಮಾತಾಡಿಸಬೇಕಿತ್ತು. ಅವರ ಬಸ್ಸು ಹೊರಡುವವರೆಗೂ ಕಂಬದ ಹಿಂದೆ ನಿಂತಿದ್ದೆ.

ಪುಟ್ಟಿ ಬಗ್ಗೆ ನನಗೆ ಭಯವಿಲ್ಲ ಕಣೋ. ನನ್ನ ಬಗ್ಗೆ ಇದೆ.

ಹೇಳುವುದಕ್ಕೆ ನಾನ್ಯಾರು, ಆದರೂ ಹೇಳುತ್ತೇನೆ. ಕಣ್ಣಿನ ರಕ್ಷಣೆಗೆ ಕೊಟ್ಟಿರುವ ಕನ್ನಡಕ ಜೇಬಲ್ಲಿ ಇಡಬೇಡ. ಮೈಯ ಮುಂಭಾಗದಲ್ಲಿ ಕಣ್ಣಿನ ಜಾಗ ಶೇ. 0.3ರಷ್ಟೂ ಇಲ್ಲ, ಆದರೆ ಯುದ್ಧದ ಗಾಯದಲ್ಲಿ ಅದರ ಪಾಲು ಎಷ್ಟೋ ಪಟ್ಟು ಜಾಸ್ತಿ. ಅಳತೆ ಸರಿ ಇಲ್ಲದಿದ್ದರೆ ಸ್ಟೋರಲ್ಲಿ ಬೇರೆ ಕೇಳು, ಸಂಕೋಚ ಬೇಡ. ಸೆಕೆ ಅಂತ ಹೆಲ್ಮೆಟ್ ಒಳಗಿನ ಪ್ಯಾಡ್ ಕೀಳಬೇಡ. ಗುಂಡು ನಿಂತರೂ ಚಿಪ್ಪು ಒಳಕ್ಕೆ ಉಬ್ಬುತ್ತದೆ. ಪ್ಯಾಡ್ ಉಳಿಸಿಕೊಡುವ ಆ ಬೆರಳಗಲದ ಸಂದು ಇಲ್ಲದಿದ್ದರೆ ಉಬ್ಬಿದ್ದು ನೇರ ಬುರುಡೆಗೇ ಬಡಿಯುತ್ತದೆ. ಗದ್ದದ ಪಟ್ಟಿ ಬಗ್ಗೆ ಹೇಳೋಣ ಅಂದರೆ ಬಾಯಿ ಬರುವುದಿಲ್ಲ, ನಾನೇ ಎಷ್ಟು ಸಲ ಬಿಚ್ಚಿಕೊಂಡು ತಿರುಗಿದ್ದೇನೋ.

ರಜೆ ಯಾವಾಗ ಅಂತ ಬರೆಯಲೇ ಇಲ್ಲ. ಬಾದಾಮಿ ಮಾವಿನ ಮರದಲ್ಲಿ ಈ ಸಲ ಕಾಯಿ ಕಮ್ಮಿ. ಹಣ್ಣು ಇಳಿಸುವ ಹೊತ್ತಿಗೆ ಬಂದರೆ ಒಂದು ಬುಟ್ಟಿ ತಗೊಂಡು ಮುಳಬಾಗಿಲಿಗೆ ಹೋಗಿ ಬರೋಣ. ಅವನು ಅಲ್ಲೇ ಇದ್ದಾನಂತೆ. ಒಬ್ಬನೇ ಹೋಗಲು ನನಗೆ ಧೈರ್ಯ ಸಾಲದು, ನೀನೂ ಜೊತೆಗಿರು.

ನಿನ್ನ ಮಾಮ